ಜೀವಾಣು ಗೊಬ್ಬರ ನಂಬಿ ಯೂರಿಯಾ ಬಿಟ್ಟಾಗ

ಕೃಷ್ಣರಾಜಪುರದಲ್ಲಿ ಮನೆ, ಹೊಸಕೋಟೆ ಕಡೆ ಒಂದಿಷ್ಟು ಕೆಂಪು ಮಣ್ಣಿನ ಹೊಲ. ಅಲ್ಲಿ ನೀರಾವರಿ ಮುಸುಕಿನ ಜೋಳದಲ್ಲಿ ನಾನು ಕಳೆದುಕೊಂಡದ್ದನ್ನು ಇನ್ನೊಬ್ಬ ರೈತರು ಕಳೆದುಕೊಳ್ಳಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಯೂರಿಯಾ ಸುರಿದು ಸುರಿದು ಮಣ್ಣು ಕೆಡುತ್ತಿದೆ ಎಂಬ ಕಳವಳ ನನಗಿತ್ತು. ಅಜೋಸ್ಪೈರಿಲಮ್ ಎಂಬ ಜೀವಾಣು ಗೊಬ್ಬರದ ಪ್ಯಾಕೆಟ್ಟು, ಕಡಲಪಾಚಿಯ ದ್ರಾವಣ ಎರಡನ್ನೂ ತಂದೆ. ಗಾಳಿಯ ಸಾರಜನಕವನ್ನು ಈ ಜೀವಾಣುಗಳೇ ಹಿಡಿದುಕೊಡುತ್ತವೆ ಎಂದು ನಂಬಿ, ಪೈರು ಮಂಡಿಯುದ್ದ ಬಂದಾಗ ಕೊಡಬೇಕಾದ ಮೇಲುಗೊಬ್ಬರವನ್ನು ಪೂರ್ತಿ ಕೈಬಿಟ್ಟೆ.

ಸೂಲಂಗಿ ಹೊರಡುವ ಮೊದಲೇ ಕೆಳಗಿನ ಎಲೆಗಳು ತುದಿಯಿಂದ ಹಳದಿಯಾದವು. ಅಂಚು ಹಸಿರಾಗಿಯೇ ಇತ್ತು. ಹಳದಿ ಮಾತ್ರ ನಡುನರದ ಗುಂಟ ಬುಡದತ್ತ ಇಳಿಯುತ್ತಿತ್ತು. ಅದು ಸಾರಜನಕದ ಹಸಿವು. ಗುರುತು ಹಿಡಿಯದೆ ಮತ್ತೆ ಪಾಚಿ ದ್ರಾವಣವನ್ನೇ ಸಿಂಪಡಿಸಿದೆ. ಕೊಯ್ಲಿನಲ್ಲಿ ಮುಸುಕು ಸುಲಿದರೆ ತೆನೆಯ ತುದಿಯೆಲ್ಲ ಕಾಳಿಲ್ಲದೆ ಬೋಳು.

ನೀರಾವರಿ ಮುಸುಕಿನ ಜೋಳಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು ಹೆಕ್ಟೇರಿಗೆ 150 ಕೆ.ಜಿ. ಸಾರಜನಕ, ಅಂದರೆ ಎಕರೆಗೆ ಸುಮಾರು 60. ಅದರ ಬಹುಪಾಲನ್ನು ಪೈರು ಎಳೆದುಕೊಳ್ಳುವುದು ಮಂಡಿಯೆತ್ತರದಿಂದ ಸೂಲಂಗಿಯವರೆಗೆ. ಅವರೆ, ತೊಗರಿಯ ಬೇರುಗಂಟಿನಲ್ಲಿ ರೈಜೋಬಿಯಂ ಮಾಡುವಷ್ಟು ಕೆಲಸ ಜೋಳದ ಬೇರಿನ ಅಜೋಸ್ಪೈರಿಲಮ್‌ನಿಂದ ಆಗದು. ಅದು ಬೇರನ್ನು ಹಬ್ಬಿಸುತ್ತದೆ, ಒಂದಿಷ್ಟು ಸಾರಜನಕ ಕೂಡಿಸುತ್ತದೆ, ಅಷ್ಟೇ. ಕಡಲಪಾಚಿ ದ್ರಾವಣದಂಥ ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದಡಿ ತಂದಾಗಲೂ ಹೇಳಿದ್ದು ಇದನ್ನೇ: ಗಿಡ ಪೋಷಕಾಂಶ ಹೀರಿಕೊಳ್ಳುವುದನ್ನು ಚುರುಕುಗೊಳಿಸುವುದು ಅವುಗಳ ಕೆಲಸ. ಮಣ್ಣಿನಲ್ಲಿ ಇಲ್ಲದ್ದನ್ನು ಬೇರು ಹೀರುವುದಾದರೂ ಎಲ್ಲಿಂದ?

ಇನ್ನೊಂದು ತಪ್ಪೂ ನನ್ನದೇ. ಪ್ಯಾಕೆಟ್ಟನ್ನು ತಗಡಿನ ಶೀಟಿನ ಕೋಣೆಯಲ್ಲಿ ಇಟ್ಟಿದ್ದೆ. ಶಿಲೀಂಧ್ರನಾಶಕ ಸವರಿ ಬಣ್ಣ ಬಳಿದ ಬೀಜಕ್ಕೇ ಲೇಪಿಸಿ ಬಿಸಿಲಲ್ಲಿ ಒಣಗಿಸಿದ್ದೆ. ಜೀವಾಣುಗಳಲ್ಲಿ ಹೆಚ್ಚಿನವು ಹೊಲ ಸೇರುವ ಮೊದಲೇ ಸತ್ತಿರಬೇಕು.

ಈಗಲೂ ಅಜೋಸ್ಪೈರಿಲಮ್ ಬಿಟ್ಟಿಲ್ಲ. ತಂಪಿನಲ್ಲಿಟ್ಟು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಯೂರಿಯಾ ಸೋಕದಂತೆ ಸಾಲಿಗೆ ಹಾಕುತ್ತೇನೆ. ಯೂರಿಯಾವನ್ನು ಮಣ್ಣು ಪರೀಕ್ಷೆಯ ಲೆಕ್ಕದಂತೆ ಕಂತುಗಳಲ್ಲಿ ಕೊಡುತ್ತೇನೆ. ಕಡಿಮೆ ಮಾಡಿ ನೋಡುವುದಿದ್ದರೆ ಕೆಲವೇ ಸಾಲುಗಳಲ್ಲಿ ಕಾಲು ಪಾಲು. ಆ ಸಾಲುಗಳ ತೆನೆ ತೂಗಿ ನೋಡಿದ ಮೇಲೆಯೇ ಮಿಕ್ಕ ಹೊಲದ ಮಾತು.