ಬ್ಯಾಗಿನಲ್ಲಿ ಹಿಡಿಯುವಷ್ಟು ಬೆಳಕು

ಫೋಟೊಗ್ರಫಿಗೆ ಲೈಟ್ ತಗೋಬೇಕು ಅಂದಾಗ ಬೆಂಗಳೂರಿನ ಆಫೀಸ್ ಗೆಳೆಯರು ಮಾಡೆಲ್ ನಂಬರ್ ಹೇಳಿದರು. ನಾನು ಊರಿನ ಜಾಗಗಳ ಲೆಕ್ಕ ಹಾಕಿದೆ.

ಶಹಾಪುರದಲ್ಲಿ, ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಮುಂದೆ ಮಧ್ಯಾಹ್ನ ಯಾರನ್ನಾದರೂ ನಿಲ್ಲಿಸಿ ನೋಡಿ. ಬಿಸಿಲು ನೆತ್ತಿಯ ಮೇಲೆ, ಕಣ್ಣ ಕೆಳಗೆ ಕಪ್ಪು ನೆರಳು. ಆ ಬಿಸಿಲಿಗೆ ಸಣ್ಣ ಎಲ್‌ಇಡಿ ಸಾಟಿಯಲ್ಲ, ಬ್ಯಾಟರಿ ಫ್ಲ್ಯಾಶೇ ಬೇಕು. ಒಬ್ಬರ ಫೋಟೊಗೆ 200 ವ್ಯಾಟ್-ಸೆಕೆಂಡಿನದು ಸಾಕು, ಹತ್ತಿರ ಇಡಬೇಕಷ್ಟೆ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಭಾರದ ಲೈಟ್ ಹೊತ್ತು ಯಾದಗಿರಿ ಕೋಟೆ ಹತ್ತುವುದಕ್ಕಿಂತ ಎರಡು ಹೆಜ್ಜೆ ಮುಂದೆ ಬರೋದು ಸುಲಭ.

ಸುರಪುರದ ಮುತ್ಯಾನ ಮನೆ ಲೆಕ್ಕವೇ ಬೇರೆ. ಒಳಗೆ ಹಗಲಲ್ಲೂ ಕತ್ತಲು, ಕರೆಂಟಿನ ಭರವಸೆ ಇಲ್ಲ. ಮುತ್ಯಾನಿಗೆ 88, ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. "ಆ ಮಿಂಚ ಕಣ್ಣಾಗ ಹೊಡಿಬ್ಯಾಡೋ ತಮ್ಮಾ" ಅಂದ. ಅಲ್ಲಿಗೆ ಬ್ಯಾಟರಿಯ ಎಲ್‌ಇಡಿ ಪ್ಯಾನೆಲ್ಲೇ ಸರಿ. ಸಿಆರ್‌ಐ 95ರ ಮೇಲಿದ್ದರೆ ಮೈಬಣ್ಣ ಇದ್ದ ಹಾಗೇ ಬರುತ್ತೆ. ಸುಣ್ಣದ ಗೋಡೆಗೆ ತಿರುಗಿಸಿದರೆ ಬೆಳಕು ಮೆತ್ತಗಾಗುತ್ತೆ. ಅವನ ಕತೆ ಕೇಳುತ್ತಲೇ ಫೋಟೊ ತೆಗೀಬಹುದು.

ಕೈಯಲ್ಲಿದ್ದ ದುಡ್ಡಿಗೆ ಎರಡರಲ್ಲಿ ಒಂದೇ ಬರುತ್ತಿತ್ತು. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಮಲಗಿರುತ್ತೆ. ಪ್ಯಾನೆಲ್ ತಗೊಂಡೆ.