ವಂಶವಾಹಿ ಎಂಬ ಶಬ್ದ

ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವನು ರಕ್ತದ ಬೇನೆಯ ವಿಷಯ ಬರೆಯಹೊರಟರೆ ಓದುಗರು ಹುಬ್ಬೇರಿಸಿಯಾರು. ಏರಿಸಲಿ. ಆ ಬೇನೆಯ ಬಗೆಗೆ ನಾನು ಆಡಿದ ಒಂದು ಶಬ್ದದಿಂದ ಒಂದು ಮದುವೆ ಮುರಿಯಿತು, ಶಬ್ದವೋ, ಕನ್ನಡದ್ದೇ. ಅಷ್ಟರ ಮಟ್ಟಿಗೆ ಇದು ನನ್ನ ಅಧಿಕಾರದೊಳಗಿನ ಮಾತೇ ಆಯಿತು.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು — ಈ ನಾಲ್ಕು ತಾಲೂಕುಗಳನ್ನು ದಾಟಿ ನಮ್ಮ ಬಳಗದವರ ಬೀಗತನ ಹೋಗುವುದು ಅಪರೂಪ. ಒಂದು ಊರಿನಲ್ಲಿ ಸೀನಿದರೆ ಇನ್ನೊಂದು ಊರಿನಲ್ಲಿ 'ನೂರು ವರ್ಷ' ಎನ್ನುವಷ್ಟು ಹತ್ತಿರದ ಬಳಕೆ. ಹಿರೇಕೆರೂರು ತಾಲೂಕಿನಲ್ಲಿ ನನಗೆ ದೂರದಿಂದ ತಂಗಿಯಾಗಬೇಕಾದವಳೊಬ್ಬಳಿದ್ದಾಳೆ. ಅವಳ ಮಗನಿಗೆ ೨೦೨೧ರಲ್ಲಿ ರಕ್ತದ ಕ್ಯಾನ್ಸರು ಕಾಣಿಸಿತು. ಬಿಳಿಯ ಕಣಗಳು ಅಳತೆ ಮೀರಿ ಹೆಚ್ಚುವ, ನಿಧಾನವಾಗಿ ಬೆಳೆಯುವ ಬಗೆಯದು. ಹುಬ್ಬಳ್ಳಿ, ಬೆಂಗಳೂರು ಎಂದು ಅಲೆದು, ಗುಳಿಗೆಗಳನ್ನು ಹಿಡಿದುಕೊಂಡು ಹುಡುಗ ಊರಿಗೆ ಮರಳಿದ. ಮರುವರ್ಷ ಅವನ ತಂಗಿಗೆ ಸವಣೂರಿನ ಕಡೆಯ ಗಂಡು ಗೊತ್ತಾಗುವುದರಲ್ಲಿತ್ತು. ಗಂಡಿನ ಮನೆಯ ಹಿರಿಯರು ಓದಿದವನೆಂದು ನನ್ನನ್ನು ನಂಬಿ, ಹಾನಗಲ್ಲಿನ ನಮ್ಮ ಮನೆಗೇ ಬಂದು, ಚಹಾ ಕುಡಿದು, ಮೆಲ್ಲನೆ ಕೇಳಿದರು: "ಮಾಸ್ತರ, ಈ ಜಡ್ಡು ಯಾತರಿಂದ ಬರ್ತೈತ್ರಿ?"

ನನ್ನ ಗ್ರಹಚಾರ, ಆ ದಿನಗಳಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಎಂಬ ಜೀವರಸಾಯನ ವಿಜ್ಞಾನಿಯ ಸಂಶೋಧನೆಯ ಬಗೆಗೆ ಓದಿದ್ದೆ. ಹೊಸದಾಗಿ ಓದಿದವನ ಹುರುಪು ಗೊತ್ತಷ್ಟೆ. "ವಂಶವಾಹಿಯ ದೋಷದಿಂದ" ಎಂದುಬಿಟ್ಟೆ. ಹಿರಿಯರು ತಲೆದೂಗಿ ಎದ್ದರು. ಹದಿನೈದು ದಿನದೊಳಗೆ ಸಂಬಂಧ ನಿಂತಿತು. ಅವರು ಕೇಳಿಸಿಕೊಂಡದ್ದು 'ವಂಶದ ದೋಷ' ಎಂದು. ತಪ್ಪು ಅವರದೆಂದು ಹೇಗೆ ಹೇಳಲಿ? ಶಬ್ದವನ್ನು ಬಿಡಿಸಿ ಅರ್ಥಮಾಡು ಎಂದು ಇಪ್ಪತ್ತು ವರ್ಷ ಹುಡುಗರಿಗೆ ಬೋಧಿಸಿದವನು ನಾನೇ ಅಲ್ಲವೆ?

ಆ ಸಲ ಹತ್ತಿಯ ಹಂಗಾಮಿನಲ್ಲಿ ತಂಗಿಯ ಊರಿಗೆ ಹೋದೆ. ಆಕೆ ಬೀಜದ ಹತ್ತಿಯ ಹೊಲದಲ್ಲಿದ್ದಳು. ನಮ್ಮ ಕಡೆಯ ಹೆಂಗಸರಿಗೆ ಈ 'ಕ್ರಾಸಿಂಗ್' ಕೆಲಸ ಕೈಯ ಗೆರೆಯಷ್ಟು ಪರಿಚಯದ್ದು. ಸಂಜೆ ಹೆಣ್ಣು ಸಾಲಿನ ಮೊಗ್ಗುಗಳಿಂದ ಗಂಡು ಕೇಸರಗಳನ್ನು ಉಗುರಿನಿಂದ ತೆಗೆದು, ಕಾಗದದ ಟೊಪ್ಪಿಗೆ ತೊಡಿಸಿ, ಮರುದಿನ ಬೆಳಗ್ಗೆ ಗಂಡು ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಕೈ ನಿಲ್ಲಿಸದೆಯೇ ಕೇಳಿದಳು: "ಖರೇ ಹೇಳೋ ಅಣ್ಣಾ, ನಮ್ಮ ಬೀಜದಾಗ ಐತೇನು?" ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ.

ಓದಿದ್ದನ್ನೇ ಮತ್ತೆ ಓದಿದೆ. ಈ ಸಲ ಪರೀಕ್ಷೆಗೆ ಕೂತ ಹುಡುಗನಂತೆ, ಒಬ್ಬ ಡಾಕ್ಟರರನ್ನು ಪಕ್ಕದಲ್ಲಿ ಕೂರಿಸಿಕೊಂಡು. ನಮ್ಮ ಒಂದೊಂದು ಜೀವಕೋಶದಲ್ಲೂ ಇಪ್ಪತ್ತಮೂರು ಜೋಡಿ ವರ್ಣತಂತುಗಳಿವೆ. ಒಂದೊಂದೂ ಓಲೆಗರಿಯ ಒಂದೊಂದು ಕಟ್ಟು ಎನ್ನಿ. ಕೋಶ ಎರಡಾದಾಗಲೆಲ್ಲ ಕಟ್ಟುಗಳ ಪ್ರತಿಯಾಗುತ್ತದೆ. ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನ ಒಂದು ಬಗೆಯಲ್ಲಿ, ಹದಿನಾಲ್ಕನೆಯ ಕಟ್ಟೂ ಹದಿನೆಂಟನೆಯ ಕಟ್ಟೂ ಮುರಿದು, ಗರಿಗಳು ಅದಲು ಬದಲಾಗಿ ಪೋಣಿಸಿಕೊಂಡಿರುತ್ತವೆ. ಹದಿನೆಂಟರಲ್ಲಿ, ಕೋಶ ಸಾಯದಂತೆ ತಡೆಯುವ ಒಂದು ಬರೆಹವಿದೆ. ಅದು ಹದಿನಾಲ್ಕರ ಅಂಕೆಗೆ ಸಿಕ್ಕು, ಬಿಡುವಿಲ್ಲದೆ ಓದಿಸಿಕೊಳ್ಳುತ್ತದೆ. ಸಾಯಬೇಕಾದ ಕೋಶ ಸಾಯುವುದನ್ನು ಮರೆಯುತ್ತದೆ.

ಅಲ್ಲಿಯೇ ಏಕೆ ಮುರಿಯಬೇಕು? ಮುನ್ನೂರು ಕೋಟಿ ಅಕ್ಷರಗಳ ಗ್ರಂಥದಲ್ಲಿ, ಆ ಬರೆಹದ ಬಳಿ ಆಗುವ ಮುರಿತಗಳಲ್ಲಿ ಅರ್ಧದಷ್ಟು ಬರಿಯ ನೂರೈವತ್ತು ಅಕ್ಷರಗಳ ಒಂದು ತುಣುಕಿನೊಳಗೇ ಬೀಳುತ್ತವೆ. ರಾಘವನ್ ಅಮೆರಿಕದಲ್ಲಿ ಮೈಕೇಲ್ ಲೀಬರ್ ಅವರ ಪ್ರಯೋಗಶಾಲೆಯಲ್ಲಿದ್ದಾಗ ೨೦೦೪ರಲ್ಲಿ ಇದಕ್ಕೊಂದು ಕಾರಣ ತೋರಿಸಿದರು. ಆ ತುಣುಕಿನಲ್ಲಿ ಎರಡೆಳೆಯ ಹುರಿ ಎಂದಿನಂತೆ ಸುತ್ತಿಕೊಳ್ಳದೆ ವಿಕಾರವಾಗಿ ನಿಲ್ಲುತ್ತದೆ. ರೋಗಗಳನ್ನು ಎದುರಿಸುವ ಪ್ರತಿಕಾಯಗಳನ್ನು ಜೋಡಿಸಲೆಂದು ದೇಹವೇ ಇಟ್ಟುಕೊಂಡ ಕತ್ತರಿಯೊಂದಿದೆ. ಅದು ಈ ವಿಕಾರವನ್ನು ತನ್ನ ಗುರುತೆಂದು ಬಗೆದು ಕತ್ತರಿಸುತ್ತದೆ. ಕಾಯುವವನ ಕೈಯ ಕತ್ತರಿ! ಇಂಥ ಅದಲು ಬದಲು ಎಷ್ಟೋ ಮಂದಿ ಆರೋಗ್ಯವಂತರ ರಕ್ತದಲ್ಲೂ ಸಿಗುತ್ತದೆ. ಅವರಲ್ಲಿ ಬಹುಮಂದಿಗೆ ಬೇನೆ ಬರುವುದೇ ಇಲ್ಲ.

ನಮ್ಮ ಹುಡುಗನದು ಬೇರೆ ಕಟ್ಟುಗಳ ಕಥೆ. ೧೯೬೦ರಲ್ಲಿ ಫಿಲಡೆಲ್ಫಿಯಾದಲ್ಲಿ ನೊವೆಲ್ ಮತ್ತು ಹಂಗರ್‌ಫರ್ಡ್ ಎಂಬಿಬ್ಬರು ಇಂಥ ರೋಗಿಗಳ ರಕ್ತದಲ್ಲಿ ಮೊಟಕಾದ ಒಂದು ವರ್ಣತಂತುವನ್ನು ಕಂಡಿದ್ದರು. ಕಳೆದ ಚೂರು ಎಲ್ಲಿ ಹೋಯಿತೆಂಬುದು ಹತ್ತು ವರ್ಷಕ್ಕೂ ಮಿಕ್ಕಿ ತಿಳಿಯಲಿಲ್ಲ. ಶಿಕಾಗೋದ ಜಾನೆಟ್ ರೌಲಿ ಎಂಬಾಕೆ ೧೯೭೨ರ ಸುಮಾರಿಗೆ ವರ್ಣತಂತುಗಳ ಚಿತ್ರಗಳನ್ನು ಮನೆಯ ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿಸುತ್ತ ಕೂತಿದ್ದಳು. ಅಮ್ಮ ಕಾಗದದ ಗೊಂಬೆ ಆಡುತ್ತಾಳೆಂದು ಮಕ್ಕಳು ನಕ್ಕರಂತೆ. ಇಪ್ಪತ್ತೆರಡರ ಚೂರು ಒಂಬತ್ತಕ್ಕೆ, ಒಂಬತ್ತರದು ಇಪ್ಪತ್ತೆರಡಕ್ಕೆ ಹೋಗಿತ್ತು. ಆ ತಪ್ಪು ಜೋಡಣೆಯಿಂದ ಹುಟ್ಟುವ ಕೆಡುಕನ್ನೇ ತಡೆಯುವ ಇಮಾಟಿನಿಬ್ ಗುಳಿಗೆ ೨೦೦೧ರಲ್ಲಿ ಬಂತು. ೨೦೧೩ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅದಕ್ಕೆ ಕೇಳಿದ ಪೇಟೆಂಟನ್ನು ನಿರಾಕರಿಸಿದ್ದರಿಂದ ದೇಶದ ಕಂಪನಿಗಳು ಮಾಡುವ ಅಗ್ಗದ ಗುಳಿಗೆಗೆ ಕಂಟಕವಾಗಲಿಲ್ಲ. ಬಡವರ ಮನೆಯ ಹುಡುಗ ಅದನ್ನು ನುಂಗಬಲ್ಲ.

ಆದರೆ ನನಗೆ ಬೇಕಾಗಿದ್ದುದು ಒಂದೇ ಸಂಗತಿ. ಈ ಅದಲು ಬದಲು ಆಗುವುದು ಹುಟ್ಟಿದ ಮೇಲೆ, ಮೂಳೆಯ ಮಜ್ಜೆಯ ಯಾವುದೋ ಒಂದು ಕೋಶದಲ್ಲಿ. ಆ ಒಂದರ ಪ್ರತಿಗಳಿಗೆಲ್ಲ ತಪ್ಪು ಹಬ್ಬುತ್ತದೆ. ಮೈಯ ಉಳಿದ ಕೋಶಗಳಲ್ಲಿ ಪಾಠ ಶುದ್ಧ. ಹೆತ್ತವರಲ್ಲಿ ಅದಿಲ್ಲ, ಒಡಹುಟ್ಟಿದವರಲ್ಲಿ ಇಲ್ಲ, ಮುಂದಿನ ಮಕ್ಕಳಿಗೂ ಇಳಿಯದು. ಒಂದೇ ಭ್ರೂಣದಿಂದಾದ ಅವಳಿಗಳಲ್ಲಿ ಒಬ್ಬನಿಗೆ ಈ ಬೇನೆಯಿದ್ದು, ಇನ್ನೊಬ್ಬನ ರಕ್ತದಲ್ಲಿ ಆ ಮೊಟಕು ತಂತು ಇಲ್ಲದ್ದನ್ನು ಡಾಕ್ಟರರು ಕಂಡಿದ್ದಾರೆ. ರಕ್ತದ ಕ್ಯಾನ್ಸರಿನ ಬೇರೆ ಬಗೆಗಳಲ್ಲಿ ಮನೆತನದಿಂದ ಇಳಿದುಬರುವ ಒಲವು ಕೆಲವರಲ್ಲಿ ಉಂಟೆಂಬುದನ್ನು ಮುಚ್ಚಿಡಬಾರದು. ಅದನ್ನು ಡಾಕ್ಟರರೇ ಹೇಳಬೇಕು, ನೆರೆಮನೆಯವರಲ್ಲ, ಕನ್ನಡ ಮಾಸ್ತರನಂತೂ ಅಲ್ಲ.

ಜೀನ್ ಎಂಬುದನ್ನು ನಾವು ವಂಶವಾಹಿ ಎಂದೆವು. ತಂದೆತಾಯಿಗಳಿಂದ ಬರುವಾಗ ಅದು ವಂಶವನ್ನು ಹೊರುವುದು ದಿಟ. ಆದರೆ ಬಂದ ಮೇಲೆ ಅದು ದಿನದಿನದ ದುಡಿಮೆಯಲ್ಲಿದೆ. ಆ ದುಡಿಮೆಯಲ್ಲಿ ಮುರಿಯುತ್ತದೆ, ಸವೆಯುತ್ತದೆ. ಈ ಅರ್ಥಕ್ಕೆ ಆ ಶಬ್ದದಲ್ಲಿ ಎಡೆಯೇ ಇಲ್ಲ. ಶಬ್ದ ಕಟ್ಟಿದವರನ್ನು ದೂರುತ್ತಿಲ್ಲ, ಬಳಸುವವನು ಎಚ್ಚರವಾಗಿರಬೇಕಿತ್ತು.

ತಂಗಿಗೆ ಓಲೆಗರಿಯ ಉಪಮೆ ಹಿಡಿಸಲಿಲ್ಲ. ಕೇಳಿ ಮುಗಿಸಿ, "ಅಂದ್ರ ಒಂದು ಟೊಂಗಿಗೆ ಹತ್ತಿದ್ದು, ಬೀಜದ್ದಲ್ಲ ಅನ್ನು" ಎಂದಳು.

ಸವಣೂರಿಗೂ ಹೋದೆ. ಹಿರಿಯರು ಮರ್ಯಾದೆಯಿಂದಲೇ ಕೂರಿಸಿದರು, ಪೂರಾ ಕೇಳಿದರು. "ಖರೇ ಇದ್ದೀತ್ರಿ. ಆದ್ರ ಆವಾಗ ಹಂಗಂದವರೂ ನೀವ, ಈಗ ಹಿಂಗನ್ನಾವರೂ ನೀವ" ಎಂದರು. ಮಗನಿಗೆ ಆಗಲೇ ಶಿಗ್ಗಾವಿಯ ಹೆಣ್ಣು ಗೊತ್ತಾಗಿತ್ತು. ಹೊರಡುವಾಗ ಸವಣೂರಿನ ಖಾರದ ಪೊಟ್ಟಣವೊಂದನ್ನು ಕೈಗಿಟ್ಟರು. ಬಸ್ಸಿನಲ್ಲಿ ಅದನ್ನು ಬಿಚ್ಚುವ ಮನಸ್ಸಾಗಲಿಲ್ಲ.

ಹುಡುಗ ದಿನವೂ ಊಟದೊಡನೆ ಗುಳಿಗೆ ನುಂಗುತ್ತಾನೆ, ಹೊಲ ನೋಡಿಕೊಳ್ಳುತ್ತಾನೆ. ಅವನ ತಂಗಿಗೆ ಈಗ ಮತ್ತೊಂದು ಕಡೆಯಿಂದ ಮಾತು ಬಂದಿದೆ. ಆ ಮನೆಯವರೂ ವಿಚಾರಿಸಲು ಹಾನಗಲ್ಲಿಗೆ ಬರುತ್ತಾರಂತೆ. ತಾಯಿ ಫೋನಿನಲ್ಲಿ ಅದನ್ನು ಹೇಳಿ, ಸ್ವಲ್ಪ ತಡೆದು, ಕೇಳಿಕೊಂಡಳು: "ಎಲ್ಲಾ ಹೇಳೋ ಅಣ್ಣಾ, ಏನೂ ಮುಚ್ಚಬ್ಯಾಡ. ಆ ಶಬ್ದ ಒಂದ ಬ್ಯಾಡ."