ಸತುವಿನ ಪಿಸ್ತೂಲು

ಗುಂಡೇಟು ತಿಂದು ಸಾಯುವವರಲ್ಲಿ ಬಹಳಷ್ಟು ಮಂದಿ ಆಸ್ಪತ್ರೆಯ ಬಾಗಿಲಿಗೇ ಬರುವುದಿಲ್ಲ. ಬಿದ್ದಲ್ಲೇ ಪ್ರಾಣ ಹೋಗಿರುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ತುರ್ತು ಚಿಕಿತ್ಸೆಯ ವೈದ್ಯರಾಗಿದ್ದ ಗ್ಯಾರೆನ್ ವಿಂಟಮ್ಯೂಟ್ ಅವರನ್ನು ಕಾಡಿದ್ದು ಈ ಸಂಗತಿ. ಒಳಗೆ ಎಷ್ಟೇ ಚೆನ್ನಾಗಿ ಹೊಲಿಗೆ ಹಾಕಿದರೂ ಹೊರಗಿನ ಸಾವು ತಪ್ಪುವುದಿಲ್ಲ. ಸಾರ್ವಜನಿಕ ಆರೋಗ್ಯವನ್ನೂ ಓದಿಕೊಂಡಿದ್ದ ಅವರು, ಮಲೇರಿಯಾ ಬಂದ ಊರಿನಲ್ಲಿ ಸೊಳ್ಳೆ ಎಲ್ಲಿ ಹುಟ್ಟುತ್ತದೆಂದು ಹುಡುಕುವವರ ಹಾಗೆ, ಪಿಸ್ತೂಲು ಎಲ್ಲಿ ಹುಟ್ಟುತ್ತದೆಂದು ಹುಡುಕಲು ಹೊರಟರು.

ಉತ್ತರ ದೂರವೇನೂ ಇರಲಿಲ್ಲ. ಲಾಸ್ ಏಂಜಲೀಸ್ ಸುತ್ತಮುತ್ತ, ಬಳೆಯ ಹಾಗೆ ಹರಡಿಕೊಂಡ ಕೆಲವೇ ಕಾರ್ಖಾನೆಗಳು. 1994ರಲ್ಲಿ ಬಂದ ಅವರ ವರದಿಗೆ 'ರಿಂಗ್ ಆಫ್ ಫೈರ್' ಎಂಬ ಹೆಸರು ಬಂದದ್ದು ಹಾಗೆ.

ಈ ಕಾರ್ಖಾನೆಗಳನ್ನು ಹುಟ್ಟಿಸಿದ್ದು ಒಂದು ಕಾನೂನು ಎಂದರೆ ತಪ್ಪಾಗದು. 1968ರ ಜೂನ್‌ನಲ್ಲಿ ರಾಬರ್ಟ್ ಕೆನಡಿ ಹತ್ಯೆಯಾಯಿತು. ಅಕ್ಟೋಬರಿನಲ್ಲಿ ಅಮೆರಿಕ ಹೊಸ ಬಂದೂಕು ಕಾನೂನು ತಂದು, 'ಸ್ಯಾಟರ್ಡೇ ನೈಟ್ ಸ್ಪೆಷಲ್' ಎಂದು ಕರೆಯುತ್ತಿದ್ದ ಅಗ್ಗದ ಕೈಬಂದೂಕುಗಳ ಆಮದು ನಿಲ್ಲಿಸಿತು. ದೇಶದೊಳಗೇ ಮಾಡಿ ಮಾರುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. (ಕೆನಡಿಯನ್ನು ಕೊಂದ ರಿವಾಲ್ವರ್ ಅಮೆರಿಕದ್ದೇ!) ಬಿಡಿಭಾಗಗಳಿಗೂ ದಾರಿ ತೆರೆದೇ ಇತ್ತು. 1981ರಲ್ಲಿ ಅಧ್ಯಕ್ಷ ರೇಗನ್ ಅವರಿಗೆ ಗುಂಡು ಹಾರಿಸಿದ ರಿವಾಲ್ವರ್, ಜರ್ಮನಿಯ ಭಾಗಗಳನ್ನು ತಂದು ಮಯಾಮಿಯಲ್ಲಿ ಜೋಡಿಸಿದ್ದು.

ವಿಮಾನದ ಬಿಡಿಭಾಗ ಮಾಡುತ್ತಿದ್ದ ಜಾರ್ಜ್ ಜೆನ್ನಿಂಗ್ಸ್ 1970ರಲ್ಲಿ ರೇವನ್ ಆರ್ಮ್ಸ್ ಶುರುಮಾಡಿದ್ದು ಈ ಸಂದಿಯಲ್ಲೇ. ಉಕ್ಕನ್ನು ಕಡೆಯುವ ಬದಲು ಸತುವಿನ ಮಿಶ್ರಲೋಹವನ್ನು ಕರಗಿಸಿ ಅಚ್ಚಿಗೆ ಸುರಿಯುವುದು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಪಿಸ್ತೂಲು. ಬೆಲೆ ನೂರು ಡಾಲರಿಗಿಂತ ಕಡಿಮೆ. ಆಮೇಲೆ ಮಗ ಒಂದು ಕಂಪನಿ ತೆಗೆದ, ಅಳಿಯ ಇನ್ನೊಂದು, ಮಗನ ಸ್ನೇಹಿತ ಮತ್ತೊಂದು. ನಮ್ಮ ಕಡೆ ಬೀಗರು ಸೇರಿ ಹೋಟೆಲ್ ನಡೆಸುವಂತೆಯೇ. 1990ರ ದಶಕದ ಆರಂಭಕ್ಕೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಕೈಬಂದೂಕುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಈ ಬಳಗದ್ದಾಗಿತ್ತು. ಬಿಹಾರದ ಕಟ್ಟಾ ಕದ್ದುಮುಚ್ಚಿ ತಯಾರಾಗುವ ಮಾಲು. ಇವು ಹಾಗಲ್ಲ, ಲೈಸೆನ್ಸು ಪಡೆದ ಕಾರ್ಖಾನೆಯಿಂದ ಬಿಲ್ಲಿನ ಸಮೇತ ಹೊರಬಂದವು.

ಪೊಲೀಸರು ಸಿಕ್ಕ ಬಂದೂಕಿನ ಕ್ರಮಸಂಖ್ಯೆ ಕಳಿಸಿದಾಗ ಅದರ ಮೊದಲ ಖರೀದಿ ಪತ್ತೆಹಚ್ಚುವ ವ್ಯವಸ್ಥೆ ಅಲ್ಲಿದೆ. ಆ ಪಟ್ಟಿಗಳ ಮೇಲ್ತುದಿಯಲ್ಲಿ ಈ ಕಂಪನಿಗಳ ಹೆಸರುಗಳೇ ಇರುತ್ತಿದ್ದವು. ಆದರೆ ಇಲ್ಲಿ ಸ್ವಲ್ಪ ನಿಧಾನಿಸಬೇಕು. ಪೊಲೀಸರು ಹಿಡಿದ ಎಲ್ಲ ಬಂದೂಕುಗಳ ಜಾಡನ್ನೂ ಹುಡುಕುತ್ತಿರಲಿಲ್ಲ, ಹುಡುಕಿದವೆಲ್ಲ ಕೊಲೆಗೆ ಬಳಸಿದವೂ ಅಲ್ಲ. ಅಗ್ಗದ ಪಿಸ್ತೂಲು ಕೊಳ್ಳುವವರಲ್ಲಿ, ರಾತ್ರಿಪಾಳಿ ಮುಗಿಸಿ ಕೆಟ್ಟ ಬೀದಿಯಲ್ಲಿ ಮನೆಗೆ ನಡೆದುಹೋಗುವ ಬಡವರೂ ಇರುತ್ತಾರೆ. 'ಅಗ್ಗದ್ದನ್ನು ನಿಷೇಧಿಸಿದರೆ ಆತ್ಮರಕ್ಷಣೆ ಉಳ್ಳವರ ಸೊತ್ತಾಗುತ್ತದೆ' ಎಂಬ ವಾದವನ್ನು ಬರೀ ವ್ಯಾಪಾರಿಗಳ ನೆಪವೆಂದು ತಳ್ಳಿಹಾಕಲಾಗದು.

ಈ ವಾದಕ್ಕೆ ತೂಕದ ಉತ್ತರವೆಂದರೆ 1999ರಲ್ಲಿ ಕ್ಯಾಲಿಫೋರ್ನಿಯಾ ಮಾಡಿದ ಕಾನೂನು. ಅದು ಬೆಲೆ ಕೇಳಲಿಲ್ಲ; ಕೈಜಾರಿ ಬಿದ್ದರೆ ತಾನಾಗಿ ಗುಂಡು ಹಾರುತ್ತದೆಯೇ ಎಂದು ಕೇಳಿತು. ಇಸ್ತ್ರಿಪೆಟ್ಟಿಗೆಗೂ ಕೇಳುವ ಪ್ರಶ್ನೆಯನ್ನು ಪಿಸ್ತೂಲಿಗೆ ಕೇಳಲು ಅಷ್ಟು ವರ್ಷ ಬೇಕಾಯಿತು.

ಅದೇ ವರ್ಷ ವಿಂಟಮ್ಯೂಟ್ ತಂಡದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಕೈಬಂದೂಕು ಕೊಂಡ ಮೊದಲ ವಾರದಲ್ಲಿ, ಕೊಂಡವರು ಅದರಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಸಾಮಾನ್ಯ ಜನರಿಗಿಂತ 57 ಪಟ್ಟು ಹೆಚ್ಚಿತ್ತು. 'ಅಪರಾಧದ ಬಂದೂಕು' ಎಂದು ಹುಡುಕುತ್ತ ಹೋದವರ ಕಣ್ಣಿಗೆ ಈ ಸಾವುಗಳು ಬೀಳುವುದೇ ಇಲ್ಲ.

ಇಂಥ ಸಂಶೋಧನೆಗೆ ಕೇಂದ್ರ ಸರ್ಕಾರದ ಹಣ 1996ರಲ್ಲೇ ಬತ್ತಿಹೋಗಿತ್ತು. ವೈದ್ಯರು ತಮ್ಮ ದುಡಿಮೆಯಿಂದಲೇ ಹತ್ತು ಲಕ್ಷಕ್ಕೂ ಹೆಚ್ಚು ಡಾಲರ್ ಹಾಕಿ ಕೆಲಸ ನಡೆಸಿದರು. ಬಂದೂಕು ಸಂತೆಗಳಲ್ಲಿ ಗಿರಾಕಿಯಂತೆ ಓಡಾಡಿ, ಗುಟ್ಟಾಗಿ ಫೋಟೊ ತೆಗೆದರು. 19 ರಾಜ್ಯಗಳಲ್ಲಿ 78 ಸಂತೆ.

ಕಾರ್ಖಾನೆಗಳು ಒಂದೊಂದಾಗಿ ದಿವಾಳಿಯೆದ್ದವು. ಅವುಗಳಲ್ಲಿ ಬ್ರೈಕೊ ಎಂಬುದರ ಕತೆಯೇ ಬೇರೆ. 1994ರಲ್ಲಿ ಅದರ ಪಿಸ್ತೂಲಿನಿಂದ ಗುಂಡು ತೆಗೆಯಲು ಮನೆಯವರಿಗೆ ಗೊತ್ತಿದ್ದ ಯುವಕನೊಬ್ಬ ಹೊರಟ. ಗುಂಡು ತೆಗೆಯಬೇಕೆಂದರೆ ಮೊದಲು ಸೇಫ್ಟಿಯನ್ನೇ ಸರಿಸಬೇಕು, ಅದರ ರಚನೆಯೇ ಹಾಗೆ. ಪಿಸ್ತೂಲು ಸಿಡಿದು ಏಳು ವರ್ಷದ ಹುಡುಗನೊಬ್ಬನಿಗೆ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿತು. 2003ರಲ್ಲಿ ಕಂಪನಿ ಮತ್ತು ಮಾಲೀಕರ ಪಾಲಿಗೆ ಸುಮಾರು 2.4 ಕೋಟಿ ಡಾಲರ್ ಪರಿಹಾರದ ತೀರ್ಪು ಬಂತು, ಕಂಪನಿ ಕೈಯೆತ್ತಿತು.

ಮರುವರ್ಷ ಅದರ ಆಸ್ತಿ ಹರಾಜಿಗೆ ಬಂದಾಗ ಆ ಹುಡುಗನೇ ಬಿಡ್ ಹಾಕಿದ. ಎಲ್ಲವನ್ನೂ ಕೊಂಡು ಕರಗಿಸಿಬಿಡುವುದು ಅವನ ಆಸೆ, ಅದಕ್ಕಾಗಿ ಜನರಿಂದ ಚಂದಾ ಎತ್ತಿದ್ದ. ಹರಾಜು ಗೆದ್ದದ್ದು ಅದೇ ಕಾರ್ಖಾನೆಯ ಹಳೆಯ ಮೇಲ್ವಿಚಾರಕ, 5,10,000 ಡಾಲರಿಗೆ. ಕೆಲವೇ ವರ್ಷದಲ್ಲಿ ಕಾರ್ಖಾನೆ ನೆವಾಡಾಕ್ಕೆ ಹೋಯಿತು. ಪಿಸ್ತೂಲಿನ ಮೇಲಿನ ಹೆಸರು ಬೇರೆ, ಒಳಗೆ ಅದೇ ಸತು.